ಐವತ್ತು ಪರ್ಸೆಂಟ್ ವಾಪಸ್, ಸರಿ. ಯಾವುದರ ಐವತ್ತು?

ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ಬರಬಾರದ ಶುಲ್ಕ ಬಂದಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನೋದನ್ನು ಈಚೆಗೆ ತುಂಬಾ ಗಮನಿಸುತ್ತಿದ್ದೇನೆ. ಬ್ಯಾಂಕಿನವರು ‘ಆಗಲ್ಲ’ ಅಂದರೆ ಸಿಟ್ಟು ನೆತ್ತಿಗೇರುತ್ತದೆ. ಮತ್ತೆ ಫೋನ್ ಮಾಡುತ್ತಾರೆ, ಮೇಲ್ ಕಳಿಸುತ್ತಾರೆ, ನಿಮ್ಮ ಕಾರ್ಡೇ ಬೇಡ ಅನ್ನುವವರೆಗೂ ಹೋಗುತ್ತಾರೆ. ಅದೇ ಬ್ಯಾಂಕು ‘ಅರ್ಧ ವಾಪಸ್ ಕೊಡ್ತೀವಿ’ ಅಂದ ಕೂಡಲೇ ಎಲ್ಲ ತಣ್ಣಗಾಗುತ್ತದೆ. ಪಾಲಿಗೆ ಬಂದದ್ದು ಪಂಚಾಮೃತ ಅಂದುಕೊಂಡು ಹೂಂ ಅನ್ನುತ್ತಾರೆ. ಮಿಕ್ಕ ಅರ್ಧ ಕೇಳೋದು ಅತಿಯಾಸೆ ಅನ್ನಿಸತೊಡಗುತ್ತದೆ. ಹಿಂದಿನ ದಿನದವರೆಗೂ ಅದು ನಮ್ಮದೇ ದುಡ್ಡಾಗಿತ್ತು, ಅಲ್ವಾ? ಒಂದು ಫೋನಿನಲ್ಲಿ ಅದು ಅವರ ದುಡ್ಡು ಹೇಗಾಯಿತು?

ನನ್ನ ವಿಷಯದಲ್ಲಿ ನಡೆದದ್ದು ದೊಡ್ಡ ಕತೆಯೇನಲ್ಲ. ಬ್ಯಾಂಕು ತಾನಾಗಿಯೇ ನನ್ನ ಕಾರ್ಡನ್ನು ‘ಅಪ್‌ಗ್ರೇಡ್’ ಮಾಡಿ ಹೊಸ ನಂಬರಿನ ಕಾರ್ಡ್ ಕಳಿಸಿತು. ‘ನಿಮ್ಮ ಈಗಿನ ಎಲ್ಲ ಸೌಲಭ್ಯಗಳೂ ಹಾಗೇ ಮುಂದುವರಿಯುತ್ತವೆ’ ಅಂತ ಮೆಸೇಜೂ ಬಂತು. ಆದರೆ ಹಳೇ ನಂಬರಿಗೆ ಹಾಕಿದ್ದ ಆಟೋಪೇ, ಅಂದರೆ ಖಾತೆಯಿಂದ ಬಿಲ್ಲು ತಾನಾಗಿ ಕಟ್ಟಿಹೋಗುವ ಏರ್ಪಾಡು, ಹೊಸ ನಂಬರಿಗೆ ಬರಲಿಲ್ಲ. ಅದೇ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಸಾಕಷ್ಟು ದುಡ್ಡಿತ್ತು. ಅದು ಅಲ್ಲೇ ಕೂತಿತ್ತು, ಇಲ್ಲಿ ಬಿಲ್ಲು ಬಾಕಿ ಆಯಿತು. ಲೇಟ್ ಫೀ ಹಾಕಿದ್ದೇವೆ ಅನ್ನುವ ಮೆಸೇಜ್ ನೋಡಿದ ದಿನವೇ ಪೂರ್ತಿ ಕಟ್ಟಿ, ದೂರು ಕೊಟ್ಟೆ.

ಕೆಲವು ದಿನ ಕಳೆದ ಮೇಲೆ ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಫೋನ್ ಬಂತು. ಗದ್ದಲ ಅಂತ ಮೆಟ್ಟಿಲ ಹತ್ತಿರ ಹೋಗಿ ಮಾತಾಡಿದೆ. ಆ ಕಡೆಯ ಹುಡುಗನದು ಮೃದುವಾದ ದನಿ. “ಮೇಡಂ, ನಿಮ್ಮ ಪೇಮೆಂಟ್ ಹಿಸ್ಟರಿ ತುಂಬಾ ಚೆನ್ನಾಗಿದೆ. ಅದಕ್ಕೇ ಸ್ಪೆಷಲ್ ಕೇಸ್ ಅಂತ ಫಿಫ್ಟಿ ಪರ್ಸೆಂಟ್ ರಿವರ್ಸ್ ಮಾಡ್ತಿದ್ದೀವಿ. ನೀವು ಈಗಲೇ ಓಕೆ ಅಂದ್ರೆ ಇವತ್ತೇ ಕ್ರೆಡಿಟ್ ಆಗತ್ತೆ.” ಯಾವುದರ ಫಿಫ್ಟಿ ಪರ್ಸೆಂಟ್ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ, ಕೀಬೋರ್ಡಿನ ಸದ್ದು ಮಾತ್ರ. “ಲೇಟ್ ಪೇಮೆಂಟ್ ಫೀದು ಮೇಡಂ.” ಬಡ್ಡಿದು? “ಅದು ಸಿಸ್ಟಮ್ ಜನರೇಟ್ ಮಾಡೋದು ಮೇಡಂ, ನಮ್ಮ ಕೈಲಿ ಇಲ್ಲ.” ಆಮೇಲೆ ಒಂದೇ ಉಸಿರಿನಲ್ಲಿ ಕೇಳಿದ: “ಹಾಗಾದ್ರೆ ಓಕೆ ಅಂತ ತಗೊಂಡು ಕಂಪ್ಲೇಂಟ್ ಕ್ಲೋಸ್ ಮಾಡ್ಲಾ ಮೇಡಂ?”

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎದುರಿಗಿನ ಸ್ಕ್ರೀನಿನಲ್ಲಿ ಇದ್ದದ್ದನ್ನು ಅವನು ಓದುತ್ತಿದ್ದ. ಆದರೆ ಆ ಕೊನೇ ಪ್ರಶ್ನೆ ಗಟ್ಟಿಯಾಗಿ ತಲೆಯಲ್ಲಿ ಕೂತುಬಿಟ್ಟಿತು. ದುಡ್ಡು ಕೊಡೋದು, ದೂರು ಮುಚ್ಚೋದು ಎರಡು ಬೇರೆ ಬೇರೆ ಕೆಲಸ. ಅವೆರಡನ್ನೂ ಒಂದೇ ‘ಓಕೆ’ಗೆ ಕಟ್ಟಿದ್ದು ಯಾಕೆ? ಬ್ಯಾಂಕಿನ ತಪ್ಪಿಲ್ಲ ಅಂತಾದರೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ತಪ್ಪಿದೆ ಅಂತಾದರೆ ಅರ್ಧಕ್ಕೆ ನಿಲ್ಲಿಸುವುದಕ್ಕೆ ಕಾರಣ ಬೇಕು. ಕಂಪ್ಲೇಂಟ್ ಕ್ಲೋಸ್ ಮಾಡಬೇಡಿ, ಹೇಳಿದ್ದನ್ನೆಲ್ಲ ಮೇಲ್‌ನಲ್ಲಿ ಕಳಿಸಿ ಅಂದೆ.

ಚಿಕ್ಕಪ್ಪನ ಪೆನ್ಸಿಲ್

ನಮ್ಮ ಚಿಕ್ಕಪ್ಪ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕ್ರೆಡಿಟ್ ಕಾರ್ಡನ್ನು ಅವರು ಇವತ್ತಿಗೂ ಇಟ್ಟುಕೊಂಡಿಲ್ಲ. ಆದರೆ ಬಡ್ಡಿ ಲೆಕ್ಕ ಅಂದರೆ ಅವರಿಗೆ ಬೇರೆ ಯಾವ ಕೆಲಸವೂ ಬೇಡ. ಭಾನುವಾರ ಅವರ ಮನೆಗೆ ಹೋದಾಗ ಫೋನಿನಲ್ಲಿ ಸ್ಟೇಟ್‌ಮೆಂಟ್ ತೋರಿಸಿದೆ. “ಇದರಲ್ಲಿ ಏನು ಕಾಣತ್ತಮ್ಮಾ, ಪ್ರಿಂಟ್ ತೆಗೆಸ್ಕೊಂಡು ಬಾ” ಅಂದರು. ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ ಹೋಗಿ ಎರಡು ತಿಂಗಳದ್ದು ತೆಗೆಸಿಕೊಂಡು ಬಂದೆ. ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಸ್ಕೇಲ್ ಅಡ್ಡ ಹಿಡಿದು, ಒಂದೊಂದೇ ಸಾಲಿನ ಕೆಳಗೆ ಸರಿಸುತ್ತಾ ಬಂದರು. ಖರೀದಿ ಸಾಲುಗಳನ್ನೆಲ್ಲ ಬಿಟ್ಟರು. ಬ್ಯಾಂಕು ತಾನೇ ಹಾಕಿದ ಸಾಲುಗಳ ಎದುರು ಮಾತ್ರ ಪೆನ್ಸಿಲಿನಿಂದ ಗೀಟು ಹಾಕಿದರು.

ಲೇಟ್ ಫೀ 1,300 ರೂಪಾಯಿ. ಅದರ ಮೇಲೆ ಜಿಎಸ್‌ಟಿ 18%, ಅಂದರೆ 234. ಬಡ್ಡಿ 1,850. ಅದಕ್ಕೂ ಜಿಎಸ್‌ಟಿ, 333. ನಾನು ನೋಡಿದ್ದು ಅಷ್ಟೇ. ಚಿಕ್ಕಪ್ಪ ಎರಡನೇ ಹಾಳೆಗೆ ಹೋದರು. ಅಲ್ಲಿ ಖರೀದಿಗಳ ನಡುವೆ ಇನ್ನೊಂದು ಬಡ್ಡಿ ಸಾಲು ಸೇರಿಕೊಂಡಿತ್ತು, 560 ರೂಪಾಯಿ. ಅದರ ಜಿಎಸ್‌ಟಿ 100 ರೂಪಾಯಿ 80 ಪೈಸೆ. “ಇದು ಎಲ್ಲಿಂದ ಬಂತು? ನೀನು ಪೂರ್ತಿ ಕಟ್ಟಿದೀಯಲ್ಲ?” ಅಂತ ಕೇಳಿದರು. ಕೇಳಿದ್ದಕ್ಕೆ ಉತ್ತರವನ್ನೂ ಅವರೇ ಹುಡುಕಿದರು.

ಕಾರ್ಡಿನ ಬಡ್ಡಿ ಹೇಗೆ ಓಡುತ್ತದೆ ಅನ್ನೋದು ಗೊತ್ತಿದ್ದರೆ ಈ ಸಾಲಿನ ಗುಟ್ಟು ಗೊತ್ತಾಗುತ್ತದೆ. ಬಿಲ್ಲು ಪೂರ್ತಿ ಕಟ್ಟುವವರಿಗೆ ಖರೀದಿ ಮಾಡಿದ ದಿನದಿಂದ ಡ್ಯೂ ಡೇಟ್ ತನಕ ಬಡ್ಡಿ ಇಲ್ಲ. ಆ ದಿನ ಪೂರ್ತಿ ಕಟ್ಟದೆ ಹೋದರೆ ಈ ರಿಯಾಯಿತಿ ಹೋಗುತ್ತದೆ. ಆಗ ಬಡ್ಡಿ ಡ್ಯೂ ಡೇಟಿನಿಂದ ಶುರುವಾಗುವುದಿಲ್ಲ, ಒಂದೊಂದು ಖರೀದಿಗೂ ಅದನ್ನು ಮಾಡಿದ ದಿನದಿಂದಲೇ ಶುರುವಾಗುತ್ತದೆ. ನನ್ನ ಕಾರ್ಡಿನ ದರ ತಿಂಗಳಿಗೆ 3.5%, ಅಂದರೆ ವರ್ಷಕ್ಕೆ 42%. ನನ್ನ ಬಾಕಿ ಸುಮಾರು 42,000 ರೂಪಾಯಿ ಇತ್ತು. ಕಟ್ಟುವುದು ಕೆಲವೇ ದಿನ ತಡವಾಗಿದ್ದರೂ ಬಡ್ಡಿ ಮಾತ್ರ ಒಂದು ತಿಂಗಳಿಗೂ ಮಿಕ್ಕಿ ಬಿದ್ದದ್ದು ಇದಕ್ಕೇ. ಅಷ್ಟೇ ಅಲ್ಲ, ಹಳೇ ಬಾಕಿ ತೀರುವ ಮೊದಲು ಮಾಡಿದ ಹೊಸ ಖರೀದಿಗಳಿಗೂ ರಿಯಾಯಿತಿ ಸಿಗುವುದಿಲ್ಲ. ಆ 560 ರೂಪಾಯಿ ಅಲ್ಲಿಂದ ಬಂದದ್ದು. ಅಂದರೆ ಒಂದು ಆಟೋಪೇ ತಪ್ಪಿದ್ದಕ್ಕೆ ಎರಡು ತಿಂಗಳ ಬಿಲ್ಲಿನಲ್ಲಿ, ಆರು ಬೇರೆ ಬೇರೆ ಸಾಲುಗಳಲ್ಲಿ ದುಡ್ಡು ಹೋಗಿತ್ತು.

ಚಿಕ್ಕಪ್ಪ ಹಾಳೆಯ ಅಂಚಿನಲ್ಲಿ ಕೂಡಿಸಿದರು. 4,377 ರೂಪಾಯಿ 80 ಪೈಸೆ. “ಅವರು ಎಷ್ಟು ಕೊಡ್ತೀನಿ ಅಂದಿದ್ದು?” 650. ಅದನ್ನು ಕೆಳಗೆ ಬರೆದು, ಸುತ್ತ ಒಂದು ವೃತ್ತ ಹಾಕಿದರು. “ಇದು ಅರ್ಧ ಅಲ್ಲಮ್ಮಾ. ಏಳನೇ ಒಂದು ಪಾಲು.”

ನನಗೆ ಈ ಇಡೀ ವಿಷಯದಲ್ಲಿ ಅತಿ ಮುಖ್ಯ ಅನ್ನಿಸಿದ್ದು ಆ ವೃತ್ತ. ‘ಐವತ್ತು ಪರ್ಸೆಂಟ್’ ಅನ್ನೋದು ಸುಳ್ಳಲ್ಲ. ಆದರೆ ಅದು ಒಂದು ಸಾಲಿನ ಐವತ್ತು. ಮಿಕ್ಕ ಐದು ಸಾಲು ಮಾತಿಗೇ ಬಂದಿರಲಿಲ್ಲ. ಬ್ಯಾಂಕು ಕೊಟ್ಟ ಮೊತ್ತಕ್ಕೂ ನನಗಾದ ನಷ್ಟಕ್ಕೂ ಲೆಕ್ಕದ ಸಂಬಂಧವೇ ಇಲ್ಲ. ಎಷ್ಟು ಕೊಟ್ಟರೆ ಇವರು ಸುಮ್ಮನಾಗುತ್ತಾರೆ ಅನ್ನುವ ಅಂದಾಜು ಅದು. ಅದಕ್ಕೇ, ಅರ್ಧ ಕೊಡ್ತೀವಿ ಅಂದಾಗ ‘ಇನ್ನೂ ಸ್ವಲ್ಪ ಜಾಸ್ತಿ ಕೊಡಿ’ ಅಂತ ಚೌಕಾಸಿಗೆ ಇಳಿಯಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಚೌಕಾಸಿಗೆ ಇಳಿದರೆ ಅವರ ಅಂದಾಜಿನ ಆಟಕ್ಕೆ ನಾವೂ ಸೇರಿಕೊಂಡ ಹಾಗೆ. ಕೇಳಬೇಕಾದದ್ದು ಒಂದೇ ಪ್ರಶ್ನೆ: ಈ ಮೊತ್ತಕ್ಕೆ ಹೇಗೆ ಬಂದಿರಿ? ಸಾಲು ಸಾಲಾಗಿ ತೋರಿಸಿ.

ಹೂಂ ಅನ್ನುವ ಮೊದಲು

ನಮ್ಮ ದೇಶದಲ್ಲಿ ಈ ‘ಓಕೆ’ಗೆ ಇರುವ ತೂಕ ಬಹಳ ಜನಕ್ಕೆ ಗೊತ್ತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 63ನೇ ಕಲಮಿನಲ್ಲಿ ಒಂದು ಉದಾಹರಣೆ ಇದೆ. ಒಬ್ಬ ಇನ್ನೊಬ್ಬನಿಗೆ 5,000 ರೂಪಾಯಿ ಕೊಡಬೇಕು. 2,000 ಕೊಡುತ್ತಾನೆ. ಇಸಿದುಕೊಂಡವನು ಪೂರ್ತಿ ಸಾಲಕ್ಕೆ ಇಷ್ಟೇ ಸಾಕು ಅಂತ ಒಪ್ಪುತ್ತಾನೆ. ಅಲ್ಲಿಗೆ ಪೂರ್ತಿ ಸಾಲ ತೀರಿತು. ಮಿಕ್ಕ 3,000 ಆಮೇಲೆ ಕೇಳುವ ಹಾಗಿಲ್ಲ. ಇಂಗ್ಲೆಂಡಿನ ಹಳೇ ಕಾನೂನು ಹಾಗಲ್ಲ. ಅಲ್ಲಿ ಕಮ್ಮಿ ಮೊತ್ತಕ್ಕೆ ಒಪ್ಪಿದರೂ, ಅದರ ಜೊತೆಗೆ ಹೊಸದಾಗಿ ಬೇರೇನೂ ಸಿಗದಿದ್ದರೆ ಮಿಕ್ಕದ್ದನ್ನು ಕೇಳುವ ಹಕ್ಕು ಉಳಿಯುತ್ತದೆ. 1884ರಲ್ಲಿ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನೇ ಎತ್ತಿ ಹಿಡಿಯಿತು. ನಮ್ಮಲ್ಲಿ ಒಪ್ಪಿಗೆಯೇ ಸಾಕು. ಅದಕ್ಕೇ ರೆಕಾರ್ಡ್ ಆಗುವ ಲೈನಿನಲ್ಲಿ ‘ಓಕೆ, ಕ್ಲೋಸ್ ಮಾಡಿ’ ಅನ್ನೋದು ಸಣ್ಣ ಮಾತಲ್ಲ.

ಹಾಗಂತ ಈಗಾಗಲೇ ಓಕೆ ಅಂದವರ ಕತೆ ಮುಗಿದೇ ಹೋಯಿತು ಅಂತಲೂ ಅಲ್ಲ. ವಿಮೆ ಹಣದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಒಂದು ಮಾತು ಹೇಳಿತು. ಪೂರ್ತಿ ಮುಟ್ಟಿತು ಅಂತ ಸಹಿ ಹಾಕಿಕೊಟ್ಟ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗುವುದಿಲ್ಲ. ಆ ಸಹಿಯನ್ನು ಮೋಸದಿಂದಲೋ, ತಪ್ಪು ಮಾಹಿತಿ ಕೊಟ್ಟೋ, ಒತ್ತಡ ಹಾಕಿಯೋ ಪಡೆದದ್ದಾದರೆ ಅದನ್ನು ಪ್ರಶ್ನಿಸಬಹುದು. ಏನೇ ಆದರೂ ಅದನ್ನು ಸಾಬೀತು ಮಾಡುವ ಹೊರೆ ನಮ್ಮ ಮೇಲೆ. ಮೊದಲೇ ನಾಲ್ಕು ಸಾಲು ಬರೆದುಬಿಟ್ಟರೆ ಆ ತಾಪತ್ರಯವೇ ಇಲ್ಲ.

ದುಡ್ಡು ವಾಪಸ್ ಕಳಿಸಬೇಕು ಅಂತೇನೂ ಇಲ್ಲ. ಕೆಲವರು ಹಟಕ್ಕೆ ಬಿದ್ದು ‘ನಿಮ್ಮ ಅರ್ಧ ನನಗೆ ಬೇಡ’ ಅನ್ನುತ್ತಾರೆ. ಅದರಿಂದ ಏನೂ ಉಪಯೋಗವಿಲ್ಲ. ಬಂದದ್ದನ್ನು ಇಟ್ಟುಕೊಳ್ಳಿ, ಯಾವ ಲೆಕ್ಕದಲ್ಲಿ ಇಟ್ಟುಕೊಂಡಿರಿ ಅನ್ನೋದನ್ನು ಅದೇ ದಿನ ಬರೆದು ಕಳಿಸಿ. ನಾನು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು: “ನೀವು ರಿವರ್ಸ್ ಮಾಡಿದ ಮೊತ್ತವನ್ನು ನನಗೆ ಬರಬೇಕಾದ 4,377.80 ರೂಪಾಯಿಯ ಒಂದು ಭಾಗ ಎಂದು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಇದನ್ನು ಪೂರ್ಣ ಪರಿಹಾರ ಎಂದು ನಾನು ಒಪ್ಪಿಲ್ಲ. ದೂರನ್ನು ಮುಚ್ಚುವುದಕ್ಕೂ ಒಪ್ಪಿಲ್ಲ. ಮಿಕ್ಕ ಮೊತ್ತವನ್ನು ಯಾಕೆ ಕೊಡುವುದಿಲ್ಲ ಎಂದು ಪ್ರತಿ ಸಾಲಿಗೂ ಬೇರೆ ಬೇರೆಯಾಗಿ ತಿಳಿಸಿ.” ಇದಕ್ಕೆ ವಕೀಲರ ಭಾಷೆ ಬೇಕಾಗಿಲ್ಲ. ಮೊತ್ತ, ಕಾರಣ, ಒಪ್ಪಿಲ್ಲ ಅನ್ನುವ ಮಾತು ಇದ್ದರೆ ಆಯಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಜಗಳ ನಡೆಯುವಾಗ ಆ ಶುಲ್ಕವನ್ನು ಕಟ್ಟದೇ ಬಿಡುವುದು ನ್ಯಾಯವಾಗಿ ಕಂಡರೂ ಜಾಣತನ ಅಲ್ಲ. ವಂಚನೆಯ ವ್ಯವಹಾರ ಅಂತ ತಕರಾರು ಎತ್ತಿದ ಮೊತ್ತದ ಮೇಲೆ ಅದು ಇತ್ಯರ್ಥ ಆಗುವ ತನಕ ಶುಲ್ಕ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೆ ಆ ರಕ್ಷಣೆ ಇರುವುದು ವಂಚನೆಯ ತಕರಾರಿಗೆ. ಲೇಟ್ ಫೀ ತಕರಾರನ್ನು ಅದರ ಕೆಳಗೆ ತರೋದು ಕಷ್ಟ. ನಾನು ‘ತಕರಾರು ಇಟ್ಟುಕೊಂಡೇ ಕಟ್ಟುತ್ತಿದ್ದೇನೆ’ ಅಂತ ಬರೆದು ಕಟ್ಟಿದೆ.

ಹನ್ನೆರಡು ಪೌಂಡಿನ ಗೊಂದಲ

ಈ ಅರ್ಧ ವಾಪಸ್ ಕೊಡುವ ಆಟದ ದೊಡ್ಡ ಉದಾಹರಣೆ ಬ್ರಿಟನ್ನಿನಲ್ಲಿ ಸಿಗುತ್ತದೆ. ಅಲ್ಲಿ ಕಾರ್ಡ್ ಕಂಪನಿಗಳು ಬಿಲ್ಲು ತಡವಾದರೆ 20, 25 ಪೌಂಡ್ ಹಾಕುತ್ತಿದ್ದವು. 2006ರ ಏಪ್ರಿಲ್‌ನಲ್ಲಿ ಗ್ರಾಹಕರ ಹಿತ ಕಾಯುತ್ತಿದ್ದ ಅಲ್ಲಿನ ಸರ್ಕಾರಿ ಸಂಸ್ಥೆ ಆಫೀಸ್ ಆಫ್ ಫೇರ್ ಟ್ರೇಡಿಂಗ್, 12 ಪೌಂಡಿಗಿಂತ ಮೇಲೆ ಹಾಕಿದರೆ ಅದನ್ನು ಅನ್ಯಾಯ ಅಂತ ಭಾವಿಸಿ ಕ್ರಮ ಕೈಗೊಳ್ಳುತ್ತೇವೆ ಅಂದಿತು. ಜನ ಹಳೇ ದುಡ್ಡು ವಾಪಸ್ ಕೇಳತೊಡಗಿದರು. ಕಂಪನಿಗಳು 12ರ ಮೇಲಿನ ವ್ಯತ್ಯಾಸವನ್ನು ಮಾತ್ರ ಕೊಡಲು ಮುಂದೆ ಬಂದವು. 25 ಹಾಕಿದ್ದರೆ 13 ವಾಪಸ್. 12 ಪೌಂಡ್ ಸರ್ಕಾರವೇ ಒಪ್ಪಿದ ದರ ಅನ್ನುವ ಹಾಗೆ ಮಾತಾಡಿದರು. ಆದರೆ ಆ ಸಂಸ್ಥೆ 12 ಪೌಂಡ್ ನ್ಯಾಯದ ದರ ಅಂತ ಹೇಳಿರಲೇ ಇಲ್ಲ. ಅದಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ತಾನು ಕೈಹಾಕುವುದಿಲ್ಲ ಅಂದಿತ್ತು, ಅಷ್ಟೇ. ನ್ಯಾಯ ಯಾವುದು ಅಂತ ತೀರ್ಮಾನಿಸುವುದು ಕೋರ್ಟಿನ ಕೆಲಸ ಅಂತಲೂ ಸ್ಪಷ್ಟವಾಗಿ ಹೇಳಿತ್ತು. ಗಟ್ಟಿಯಾಗಿ ನಿಂತವರು ಕೇಳಿದ ಪ್ರಶ್ನೆ ಇದು: ನನ್ನ ಬಿಲ್ಲು ಎರಡು ದಿನ ತಡವಾದದ್ದಕ್ಕೆ ನಿಮಗೆ ನಿಜವಾಗಿ ಆದ ಖರ್ಚು ಎಷ್ಟು?

ಆ ಪ್ರಶ್ನೆಗೆ ನಮ್ಮ ಕಾನೂನಿನಲ್ಲೂ ಜಾಗ ಇದೆ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಕರಾರು ಮುರಿದವನಿಂದ ಸಿಗುವುದು ಸಮಂಜಸವಾದ ಪರಿಹಾರ. ಕಾಗದದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ, ಬರೆದಷ್ಟೂ ಕೊಡಲೇಬೇಕು ಅಂತಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯೂ, ಆದ ನಷ್ಟಕ್ಕೆ ಹೋಲಿಸಿದರೆ ತೀರಾ ಅತಿಯಾದ ದಂಡ ಹಾಕುವ ಕರಾರನ್ನು ಅನ್ಯಾಯದ ಕರಾರು ಅನ್ನುತ್ತದೆ. ಆದರೆ ಬಡ್ಡಿ ದರವೇ ಅತಿಯಾಯಿತು ಅನ್ನುವ ವಾದ ಈಗ ನಡೆಯುವುದು ಕಷ್ಟ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ, ವರ್ಷಕ್ಕೆ 30%ಗಿಂತ ಜಾಸ್ತಿ ಬಡ್ಡಿ ಹಾಕೋದು ಅನುಚಿತ ವ್ಯಾಪಾರ ಅಂದಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನನಗೆ ಈ ತೀರ್ಪು ಹಿಡಿಸಿಲ್ಲ. ಆದರೆ ದೂರು ಬರೆಯುವಾಗ ನಮಗೆ ಹಿಡಿಸಿದ ಕಾನೂನು ಕೆಲಸಕ್ಕೆ ಬರುವುದಿಲ್ಲ. ಇನ್ನು ಕೆಲವರು ಸಾಲಗಳ ದಂಡ ಶುಲ್ಕದ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಎತ್ತಿ ತೋರಿಸುತ್ತಾರೆ. ಅದು ಕ್ರೆಡಿಟ್ ಕಾರ್ಡಿಗೆ ಅನ್ವಯಿಸುವುದಿಲ್ಲ ಅಂತ ಆ ಸುತ್ತೋಲೆಯಲ್ಲೇ ಇದೆ. ತಪ್ಪು ಕಾಗದ ತೋರಿಸಿದರೆ ಬ್ಯಾಂಕಿಗೆ ಸುಲಭವಾದ ಉತ್ತರ ಸಿಗುತ್ತದೆ.

ಕಾರ್ಡಿಗೆ ಅನ್ವಯಿಸುವುದು ರಿಸರ್ವ್ ಬ್ಯಾಂಕಿನ ಕಾರ್ಡುಗಳ ನಿರ್ದೇಶನ, 2022ರ ಏಪ್ರಿಲ್ 21ರಂದು ಮೊದಲು ಹೊರಬಂದದ್ದು. ಅದರಲ್ಲಿ ನಮ್ಮ ಕೈಗೆ ಸಿಗುವ ಗಟ್ಟಿ ಮಾತುಗಳು ಸಾಕಷ್ಟಿವೆ. ಡ್ಯೂ ಡೇಟ್ ಕಳೆದು ಮೂರು ದಿನ ದಾಟಿದ ಮೇಲೆ ಮಾತ್ರ ಲೇಟ್ ಫೀ ಹಾಕಬೇಕು. ಅದನ್ನೂ ಆಗ ಉಳಿದ ಬಾಕಿಯ ಮೇಲೆ ಹಾಕಬೇಕೇ ಹೊರತು ಇಡೀ ಬಿಲ್ಲಿನ ಮೇಲಲ್ಲ. ಕಟ್ಟದೆ ಉಳಿದ ಶುಲ್ಕವನ್ನೂ ತೆರಿಗೆಯನ್ನೂ ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದು. ಶುಲ್ಕ ಬದಲಾಯಿಸಬೇಕಾದರೆ ಒಂದು ತಿಂಗಳ ಮುಂಚೆ ತಿಳಿಸಬೇಕು. ಕೇಳದೆ ಕಾರ್ಡ್ ಕೊಡಬಾರದು. ಇರುವ ಕಾರ್ಡನ್ನು ಒಪ್ಪಿಗೆಯಿಲ್ಲದೆ ಅಪ್‌ಗ್ರೇಡ್ ಮಾಡಿ ಚಾಲೂ ಮಾಡಿ ಬಿಲ್ಲು ಹಾಕಿದರೆ, ಆ ಶುಲ್ಕ ವಾಪಸ್ ಕೊಡುವುದರ ಜೊತೆಗೆ ಅದರ ಎರಡು ಪಟ್ಟು ದಂಡವನ್ನೂ ಗ್ರಾಹಕರಿಗೆ ಕೊಡಬೇಕು. ಈ ಕೊನೆಯದನ್ನು ಮೊದಲ ಸಲ ಓದಿದಾಗ ನಾನು ಎದ್ದು ಕೂತೆ. ನನ್ನದು ಅಪ್‌ಗ್ರೇಡ್ ಕಾರ್ಡಿನ ಶುಲ್ಕ ಅಲ್ಲ, ಆ ಅಪ್‌ಗ್ರೇಡಿನಿಂದ ಹುಟ್ಟಿದ ಶುಲ್ಕ. ನೇರವಾಗಿ ಹೊಂದುತ್ತದೆ ಅಂತ ಹೇಳಲಾರೆ. ಆದರೂ ‘ನಾನು ಕೇಳದ ಬದಲಾವಣೆ’ ಅನ್ನುವ ಮಾತಿಗೆ ಅದು ಬಲ ಕೊಟ್ಟಿತು.

ಬ್ಯಾಂಕಿನ ಒಳಗೆ ಏನಾಗುತ್ತದೆ

ಮೇಲ್ ಕಳಿಸಿದ ಮೇಲೆ ಎರಡನೇ ಉತ್ತರ ಬಂತು. ಈ ಸಲ ಲೇಟ್ ಫೀ ಪೂರ್ತಿ 1,300 ರಿವರ್ಸ್ ಮಾಡಿದ್ದರು. ಒಳ್ಳೆಯ ಗ್ರಾಹಕರು ಅನ್ನುವ ಕಾರಣಕ್ಕೆ, ಒಂದು ಸಲಕ್ಕೆ ಮಾತ್ರ. ಬಡ್ಡಿ ನಿಯಮದಂತೆ ಸರಿಯಾಗಿದೆ, ಡ್ಯೂ ಡೇಟಿನ ಮುಂಚೆ ನಿಮಗೆ ನೆನಪಿನ ಮೆಸೇಜ್ ಕಳಿಸಿದ್ದೆವು ಅಂತ ಬರೆದಿದ್ದರು. ಹೌದು, ಬಂದಿತ್ತು. ಅದರ ಕೊನೇ ಸಾಲು: ‘ಆಟೋಪೇ ಇದ್ದರೆ ಈ ಸಂದೇಶವನ್ನು ಕಡೆಗಣಿಸಿ.’ ಚಿಕ್ಕಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. “ಆ ಮೆಸೇಜ್ ಇಟ್ಕೊಂಡಿದೀಯಾ? ಅಪ್‌ಗ್ರೇಡ್ ಮೆಸೇಜೂ ಇದೆಯಾ? ಎರಡನ್ನೂ ಅಕ್ಕಪಕ್ಕ ಇಟ್ಟು ಕಳಿಸು. ಬೇರೇನೂ ಬರೀಬೇಡ” ಅಂದರು. ನಾನು ಬೇರೆಯದನ್ನೂ ಬರೆದೆ. ಎಲ್ಲ ಸೌಲಭ್ಯವೂ ಮುಂದುವರಿಯುತ್ತದೆ ಅಂದವರು ನೀವು. ಆಟೋಪೇ ಇದ್ದರೆ ಕಡೆಗಣಿಸಿ ಅಂದವರೂ ನೀವು. ಲೇಟ್ ಫೀ ವಾಪಸ್ ಕೊಟ್ಟಿದ್ದೀರಿ. ಅದೇ ಘಟನೆಯಿಂದ ಹುಟ್ಟಿದ ಬಡ್ಡಿ ಮಾತ್ರ ಹೇಗೆ ಸರಿ? ಮಿಕ್ಕ 3,077.80 ರೂಪಾಯಿ ಬಾಕಿ ಇದೆ.

ಜೊತೆಗೆ ಒಂದು ಪ್ರಶ್ನೆ ಸೇರಿಸಿದೆ. ಕೆಲಸ ಮಾಡಿದ್ದು ಆ ಪ್ರಶ್ನೆ ಅಂತ ನನ್ನ ನಂಬಿಕೆ. “ಈ ದೂರನ್ನು ನಿಮ್ಮ ಇಂಟರ್ನಲ್ ಓಂಬುಡ್ಸ್‌ಮನ್ ನೋಡಿದ್ದಾರೆಯೇ?” ತಳ್ಳಿಹಾಕಿದ ದೂರುಗಳನ್ನು ಬ್ಯಾಂಕಿನ ಒಳಗೇ ಮತ್ತೊಮ್ಮೆ ನೋಡುವ ಅಧಿಕಾರಿ ಇವರು. ಹಲವು ದೊಡ್ಡ ಬ್ಯಾಂಕುಗಳಲ್ಲಿ 2015ರಿಂದ ಈ ಹುದ್ದೆ ಇದೆ. ನಾವು ನೇರವಾಗಿ ಅವರ ಹತ್ತಿರ ಹೋಗುವ ಹಾಗಿಲ್ಲ. ಆದರೆ ಬ್ಯಾಂಕು ಒಂದು ದೂರನ್ನು ಪೂರ್ತಿ ತಳ್ಳಿಹಾಕಿದರೂ, ಭಾಗಶಃ ಮಾತ್ರ ಒಪ್ಪಿದರೂ, ಕೊನೆಯ ಉತ್ತರ ಕೊಡುವ ಮೊದಲು ತಾನೇ ಅದನ್ನು ಅವರ ಮುಂದೆ ಇಡಬೇಕು. ಅಂದರೆ ಅರ್ಧ ವಾಪಸ್ ಅನ್ನೋದು ನಿಯಮದ ಕಣ್ಣಿನಲ್ಲಿ ಅರ್ಧ ತಿರಸ್ಕಾರ. ಗ್ರಾಹಕರು ಫೋನಿನಲ್ಲೇ ಓಕೆ ಅಂದುಬಿಟ್ಟರೆ ಅದು ತಿರಸ್ಕಾರದ ಲೆಕ್ಕಕ್ಕೆ ಬರುವುದೇ ಇಲ್ಲ, ಬಗೆಹರಿದ ದೂರು ಆಗಿಬಿಡುತ್ತದೆ. ‘ಕ್ಲೋಸ್ ಮಾಡ್ಲಾ ಮೇಡಂ’ ಅನ್ನುವ ಅವಸರ ಯಾಕೆ ಅಂತ ನನಗೆ ಆಗ ಅರ್ಥವಾಯಿತು.

ಅದಾದ ಮೇಲೂ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. 2021ರ ನವೆಂಬರ್ 12ರಿಂದ ದೇಶಕ್ಕೆಲ್ಲ ಒಂದೇ ಯೋಜನೆ. ಅದಕ್ಕೂ ಮುಂಚೆ ಬ್ಯಾಂಕಿಗೊಂದು, ಬ್ಯಾಂಕಲ್ಲದ ಹಣಕಾಸು ಕಂಪನಿ ಅಂದರೆ ಎನ್‌ಬಿಎಫ್‌ಸಿಗೊಂದು, ಡಿಜಿಟಲ್ ವ್ಯವಹಾರಕ್ಕೊಂದು ಅಂತ ಮೂರು ಇದ್ದವು. ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲಿನಲ್ಲಿ ದೂರು ಹಾಕಬಹುದು, ಇಲ್ಲದಿದ್ದರೆ ಚಂಡೀಗಢದ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ದುಡ್ಡು ಕಟ್ಟಬೇಕಾಗಿಲ್ಲ, ವಕೀಲರೂ ಬೇಡ. ಸಹಾಯಕ್ಕೆ 14448 ನಂಬರ್ ಇದೆ. ಮೊದಲು ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಪೂರ್ತಿಯಾಗಿಯೋ ಭಾಗಶಃವೋ ದೂರನ್ನು ತಳ್ಳಿಹಾಕಿದ್ದರೆ ಅಲ್ಲಿಗೆ ಹೋಗಬಹುದು. ‘ಭಾಗಶಃ’ ಅನ್ನೋದನ್ನು ಯೋಜನೆಯಲ್ಲೇ ಬರೆದಿದ್ದಾರೆ. ಅರ್ಧ ತಗೊಂಡಿದ್ದೀರಲ್ಲ, ಇನ್ನೇನು ದೂರು ಅಂತ ಯಾರೂ ಬಾಗಿಲು ಹಾಕುವ ಹಾಗಿಲ್ಲ. ಅದಕ್ಕೂ ಒಂದು ಗಡುವಿದೆ. 2021ರ ಯೋಜನೆಯಲ್ಲಿ ಅದು ಬ್ಯಾಂಕಿನ ಉತ್ತರ ಬಂದ ದಿನದಿಂದ ಒಂದು ವರ್ಷ ಇತ್ತು. ಅದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲೋ ಕೋರ್ಟಿನಲ್ಲೋ ಕೇಸು ಇರಬಾರದು. ಹಾಗಾಗಿ ಮೊದಲು ಓಂಬುಡ್ಸ್‌ಮನ್, ಬೇಕಾದರೆ ಆಮೇಲೆ ಆಯೋಗ. ಆಯೋಗಕ್ಕೆ ಹೋಗಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲ ಇದೆ. ನಾವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ಹಾಕಬಹುದು, ಬ್ಯಾಂಕಿನ ಹೆಡ್ ಆಫೀಸ್ ಎಲ್ಲಿದ್ದರೂ ಸರಿ.

ನಾನು ಓಂಬುಡ್ಸ್‌ಮನ್ ತನಕ ಹೋಗಬೇಕಾಗಲಿಲ್ಲ. ಬ್ಯಾಂಕಿನ ಕೊನೆಯ ಪತ್ರದಲ್ಲಿ ಎರಡೂ ತಿಂಗಳ ಬಡ್ಡಿ ವಾಪಸ್ ಅಂತ ಇತ್ತು. ಕಾರಣ ಮಾತ್ರ ಬರೆದಿರಲಿಲ್ಲ. ಜಿಎಸ್‌ಟಿ ಮಾತೂ ಇರಲಿಲ್ಲ. ಶುಲ್ಕವೇ ತಪ್ಪು ಅಂತಾದ ಮೇಲೆ ಅದರ ಮೇಲಿನ ತೆರಿಗೆ ನನ್ನ ತಲೆ ಮೇಲೆ ಯಾಕೆ ಉಳಿಯಬೇಕು ಅಂತ ಮತ್ತೆ ಬರೆದೆ. 234, 333, 100.80. ಅವೂ ಬಂದವು. ಮುಂದಿನ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿಕೊಂಡು ಹೋಗಿ ಚಿಕ್ಕಪ್ಪನಿಗೆ ಕೊಟ್ಟೆ. ಅವರು ಹಳೇ ಹಾಳೆಯ ಆರು ಗೀಟುಗಳ ಎದುರು ಒಂದೊಂದಾಗಿ ಟಿಕ್ ಹಾಕಿದರು. ಆಮೇಲೆ, “ಸಿಬಿಲ್ ನೋಡಿದ್ಯಾ?” ಅಂದರು.

ನೋಡಿದೆ. ಯಾರು ಸಾಲ ಸರಿಯಾಗಿ ಕಟ್ಟುತ್ತಾರೆ ಅನ್ನುವ ದಾಖಲೆ ಇಡುವ ಆ ಸಂಸ್ಥೆಯಲ್ಲಿ, ನಾನು ಆ ತಿಂಗಳು ಬಾಕಿ ಉಳಿಸಿಕೊಂಡವಳು ಅಂತ ದಾಖಲಾಗಿತ್ತು. ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಅದನ್ನು ನೋಡಿದಾಗ. ದುಡ್ಡು ವಾಪಸ್ ಬಂದರೆ ಈ ಗುರುತು ತಾನಾಗಿ ಹೋಗುವುದಿಲ್ಲ. ಅದಕ್ಕೆ ಬೇರೆಯಾಗಿಯೇ ಕೇಳಬೇಕು. ಇದಕ್ಕೂ ನಿಯಮ ಇದೆ. ತಿದ್ದುಪಡಿಯ ದೂರು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿ, 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ. ಆ ದಿನಾಂಕ ಹಾಕಿ ಬರೆದೆ. ಗಡುವಿನೊಳಗೇ ಸರಿಮಾಡಿದರು.

ಕೇಳದವರ ದುಡ್ಡು

ಇಷ್ಟಾದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಬ್ಯಾಂಕು ಅಪ್‌ಗ್ರೇಡ್ ಮಾಡಿದ್ದು ನನ್ನೊಬ್ಬಳ ಕಾರ್ಡನ್ನಲ್ಲ. ನನಗೆ ಬಂದ ಮೆಸೇಜ್ ಹೆಸರಿಲ್ಲದ, ಎಲ್ಲರಿಗೂ ಕಳಿಸುವ ಮೆಸೇಜ್. ಆಟೋಪೇ ಹಾಕಿದ್ದವರು ಇನ್ನೂ ಎಷ್ಟೋ ಜನ ಇರಬೇಕು. ಅವರಲ್ಲಿ ಕೆಲವರು 1,300 ರೂಪಾಯಿ ನೋಡಿ ‘ಹೋಗ್ಲಿ ಬಿಡು’ ಅಂದಿರುತ್ತಾರೆ. ಕೆಲವರು ಫೋನ್ ಮಾಡಿ 650 ತಗೊಂಡು ಓಕೆ ಅಂದಿರುತ್ತಾರೆ. ಎರಡನೇ ತಿಂಗಳ ಆ ಸಣ್ಣ ಬಡ್ಡಿ ಸಾಲನ್ನು ಹೆಚ್ಚಿನವರು ನೋಡಿರಲಾರರು. ಪೆನ್ಸಿಲ್ ಹಿಡಿದು ಕೂರುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಒಬ್ಬೊಬ್ಬರಿಗೂ ‘ಸ್ಪೆಷಲ್ ಕೇಸ್’ ಅಂತ ಹೇಳಿ ವಾಪಸ್ ಕೊಡುವುದರಿಂದ ಬ್ಯಾಂಕಿಗೆ ಆಗುವ ದೊಡ್ಡ ಅನುಕೂಲ ಇದೇ. ತಪ್ಪು ಅಂತ ಬರಹದಲ್ಲಿ ಒಪ್ಪಿಕೊಂಡರೆ ಎಲ್ಲರಿಗೂ ಕೊಡಬೇಕಾಗುತ್ತದೆ. ಉಪಕಾರ ಅಂತ ಕೊಟ್ಟರೆ ಕೇಳಿದವರಿಗೆ ಮಾತ್ರ ಕೊಟ್ಟು ಮುಗಿಸಬಹುದು.

ಹಾಗಾಗಿ ನನ್ನ ದುಡ್ಡು ಪೂರ್ತಿ ಬಂದ ಮೇಲೂ ಬ್ಯಾಂಕಿನಲ್ಲಿ ದೂರುಗಳ ಹೊಣೆ ಹೊತ್ತ ಪ್ರಧಾನ ನೋಡಲ್ ಅಧಿಕಾರಿಗೆ ಇನ್ನೊಂದು ಪತ್ರ ಬರೆದಿದ್ದೇನೆ. ಈ ಅಪ್‌ಗ್ರೇಡಿನಲ್ಲಿ ಆಟೋಪೇ ಕಳಚಿಹೋದ ಕಾರ್ಡುಗಳು ಎಷ್ಟು, ಅವುಗಳಿಗೆ ಹಾಕಿದ ಶುಲ್ಕ ಮತ್ತು ಬಡ್ಡಿಯನ್ನು ನೀವೇ ಹುಡುಕಿ ವಾಪಸ್ ಕೊಡುತ್ತೀರಾ ಅಂತ ಕೇಳಿದ್ದೇನೆ. ಅವರ ಕಂಪ್ಯೂಟರಿಗೆ ಅದು ಕಷ್ಟದ ಕೆಲಸ ಅಲ್ಲ. ಹಳೇ ನಂಬರಿಗೆ ಆಟೋಪೇ ಇದ್ದು ಹೊಸ ನಂಬರಿಗೆ ಇಲ್ಲದ ಖಾತೆಗಳನ್ನು ಹೊರತೆಗೆದರೆ ಪಟ್ಟಿ ಸಿಗುತ್ತದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ನಿಮ್ಮ ಕಾರ್ಡೂ ನೀವು ಕೇಳದೆ ಬದಲಾಗಿದ್ದರೆ, ಬದಲಾದ ತಿಂಗಳದ್ದು ಮತ್ತು ಅದರ ಮುಂದಿನ ತಿಂಗಳದ್ದು, ಎರಡೂ ಸ್ಟೇಟ್‌ಮೆಂಟ್ ತೆಗೆದು ನೋಡಿ. ಅರ್ಧ ತಗೊಂಡು ಸುಮ್ಮನಾಗಿದ್ದರೆ, ಆವತ್ತು ನೀವು ನಿಜವಾಗಿ ಏನಕ್ಕೆ ಒಪ್ಪಿದಿರಿ ಅಂತ ಆ ಮೇಲ್ ಮತ್ತೊಮ್ಮೆ ಓದಿ. ಬರೀ ‘ಥ್ಯಾಂಕ್ಸ್’ ಅಂತ ಬರೆದಿದ್ದರೆ ಅದು ಪೂರ್ತಿ ತೀರಿತು ಅಂತ ಒಪ್ಪಿದ ಹಾಗಲ್ಲ ಅಂತ ನೀವು ವಾದಿಸಬಹುದು. ದೂರು ಕೊಡುವ ಗಡುವು ಇನ್ನೂ ಮುಗಿದಿಲ್ಲದಿದ್ದರೆ ಓಂಬುಡ್ಸ್‌ಮನ್ ದಾರಿಯೂ ತೆರೆದೇ ಇದೆ.